157 ಕೋಟಿ ದಿನಗಳು ಮತ್ತು ಒಂದು ವೀರಗಲ್ಲಿನ ಸೋಮವಾರ

ಕೆಲವು ವರ್ಷಗಳ ಹಿಂದೆ ಒಂದು ವೀರಗಲ್ಲಿನ ಕಾಲ ಪರಿಶೀಲಿಸ್ತಾ ಇದ್ದೆ. ಶಕವರ್ಷ, ಉತ್ತರಾಯಣ ಸಂಕ್ರಮಣ, ಸೋಮವಾರ ಮೂರೂ ಸ್ಪಷ್ಟವಾಗಿದ್ದವು. ನನ್ನ ಲೆಕ್ಕದಲ್ಲಿ ಮಾತ್ರ ಭಾನುವಾರ ಬರುತ್ತಿತ್ತು. "ವಾರ ತಾಳೆಯಾಗಲ್ಲ, ಶಾಸನ ಆಮೇಲೆ ಬರೆಸಿದ್ದಿರಬೇಕು" ಅಂತ ಗೆಳೆಯರ ಮುಂದೆ ಹೇಳಿಯೂ ಬಿಟ್ಟೆ.

ತಪ್ಪು ಕಲ್ಲಿನದ್ದಲ್ಲ, ನನ್ನದು. ಆರ್ಯಭಟನ ವರ್ಷಮಾನವನ್ನು 365.2586 ದಿನ ಅಂತ ನಾಲ್ಕು ದಶಮಾಂಶಕ್ಕೇ ಕತ್ತರಿಸಿಕೊಂಡಿದ್ದೆ. ಕಲಿಯುಗದ ಆರಂಭದಿಂದ ಎಣಿಸುವಾಗ ಆ ಚೂರು 4200 ವರ್ಷಕ್ಕೆ ಎಂಟು ಗಂಟೆಯಾಗುತ್ತೆ. ಸೋಮವಾರ ಬೆಳಿಗ್ಗೆ ಆದ ಸಂಕ್ರಮಣ ಸೂರ್ಯೋದಯಕ್ಕಿಂತ ಹಿಂದೆ ಜಾರಿ ಭಾನುವಾರಕ್ಕೆ ಸೇರಿಬಿಟ್ಟಿತ್ತು.

ಆರ್ಯಭಟ ದಶಮಾಂಶದ ಗೋಜಿಗೇ ಹೋಗಿಲ್ಲ. ಒಂದು ಯುಗಕ್ಕೆ 43,20,000 ವರ್ಷ, ಅಷ್ಟರಲ್ಲಿ ಭೂಮಿ ತನ್ನ ಸುತ್ತ ತಿರುಗುವುದು 1,58,22,37,500 ಸಲ ಅನ್ನುತ್ತಾನೆ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಯುಗದ ಒಟ್ಟು ದಿನಗಳು: 1,57,79,17,500. ಇಷ್ಟು ದೊಡ್ಡ ಸಂಖ್ಯೆ ಕಂಡ ಕೂಡಲೇ ಪುರಾಣ ಅಂತ ಪಕ್ಕಕ್ಕಿಡುವವರಿದ್ದಾರೆ. ನನ್ನ ಕಣ್ಣಿಗೆ ಇದೊಂದು ಭಿನ್ನರಾಶಿಯ ಅಂಶ, ಅಷ್ಟೇ. ಛೇದ 43,20,000.

ಎರಡನ್ನೂ 7500ರಿಂದ ಭಾಗಿಸಿ ನೋಡಿ. 2,10,389 ಮತ್ತು 576 ಉಳಿಯುತ್ತವೆ. ಅಂದರೆ 576 ವರ್ಷಕ್ಕೆ ಸರಿಯಾಗಿ 2,10,389 ದಿನ, ಚೂರೂ ಹೆಚ್ಚುಕಮ್ಮಿ ಇಲ್ಲ. ಒಂದನೇ ಭಾಸ್ಕರ ತನ್ನ ಕುಟ್ಟಾಕಾರದ ಲೆಕ್ಕಗಳಲ್ಲಿ ಬಳಸುವುದು ಈ ಸಣ್ಣ ಜೋಡಿಯನ್ನೇ. 2,10,389ನ್ನು 7ರಿಂದ ಭಾಗಿಸಿದರೆ ಶೇಷ 4. ಹಾಗಾಗಿ 576 ವರ್ಷ ಕಳೆದರೆ ಸಂಕ್ರಮಣ ದಿನದ ಅದೇ ಘಳಿಗೆಗೆ ಬರುತ್ತೆ, ವಾರ ಮಾತ್ರ ನಾಲ್ಕು ಮುಂದೆ.

ಸೂರ್ಯಸಿದ್ಧಾಂತದ ಸಂಖ್ಯೆ 1,57,79,17,828. ವ್ಯತ್ಯಾಸ ಬರೀ 328, ಆದರೆ ಗುಣ ಪೂರ್ತಿ ಬೇರೆ. ಇದಕ್ಕೂ 43,20,000ಕ್ಕೂ ಇರುವ ಮಹತ್ತಮ ಸಾಮಾನ್ಯ ಅಪವರ್ತನ ಬರೀ 4. ವರ್ಷ, ದಿನ ಎರಡೂ ಪೂರ್ಣಾಂಕವಾಗಲು 10,80,000 ವರ್ಷ ಕಾಯಬೇಕು!

ನನಗೆ ಅತಿ ಇಷ್ಟವಾದದ್ದು ಆರ್ಯಭಟನದೇ ಇನ್ನೊಂದು ಸಂಖ್ಯೆ, 1,57,79,17,800. ಬ್ರಹ್ಮಗುಪ್ತನ ಖಂಡಖಾದ್ಯಕ ಅನುಸರಿಸುವುದು ಇದನ್ನು. ಮೊದಲ ಪದ್ಧತಿಯಲ್ಲಿ ಕಲಿಯುಗ ಶುಕ್ರವಾರದ ಸೂರ್ಯೋದಯಕ್ಕೆ ಶುರು, ಇದರಲ್ಲಿ ಅದಕ್ಕೂ ಮುಂಚಿನ ಮಧ್ಯರಾತ್ರಿಗೆ. ನಡುವೆ ಕಾಲು ದಿನ. ದಿನಗಳ ವ್ಯತ್ಯಾಸ 300. ಈಗ ಕಲಿ 3600ಕ್ಕೆ ಹಾಕಿ: 300 × 3600 ÷ 43,20,000 = ಸರಿಯಾಗಿ ಕಾಲು ದಿನ! ಎರಡೂ ದಾರಿ ಒಂದೇ ಕ್ಷಣಕ್ಕೆ ಬಂದು ಸೇರುತ್ತವೆ: ಕ್ರಿ.ಶ. 499ರ ಮಾರ್ಚ್ 21, ಭಾನುವಾರ, ಉಜ್ಜಯಿನಿಯಲ್ಲಿ ನಡುಮಧ್ಯಾಹ್ನ. ಕಲಿಯುಗದಲ್ಲಿ ಅರವತ್ತು ಅರವತ್ತುಗಳ ವರ್ಷ ಕಳೆದಾಗ ತನಗೆ 23 ವರ್ಷ ಅಂತ ಆರ್ಯಭಟನೇ ಹೇಳಿಕೊಂಡಿದ್ದಾನೆ. ಇದು ಆಕಸ್ಮಿಕ ಅಂತ ನನಗಂತೂ ಅನ್ನಿಸಲ್ಲ. ತನ್ನ ಕಾಲದ ಸೂರ್ಯನನ್ನು ಹಿಡಿದುಕೊಂಡು ಹಿಂದಕ್ಕೆ ಕಟ್ಟಿದ ಲೆಕ್ಕ ಇದು.

ಕೈಯಾರೆ ಮಾಡಿ ನೋಡಬೇಕಾ? ನಮ್ಮ ಐಹೊಳೆಯ ಮೇಗುಟಿ ಶಾಸನ ತಗೊಳ್ಳಿ. ರವಿಕೀರ್ತಿ ಭಾರತಯುದ್ಧದಿಂದ 3735 ವರ್ಷ, ಶಕ 556 ಎರಡನ್ನೂ ಕೊಡುತ್ತಾನೆ. ನಡುವಿನ ಅಂತರ 3179, ಕಲಿಗೂ ಶಕಕ್ಕೂ ಇರುವ ಅದೇ ಅಂತರ. 3735 × 2,10,389 = 78,58,02,915. ಇದನ್ನು 576ರಿಂದ ಭಾಗಿಸಿದರೆ ಭಾಗಲಬ್ಧ 13,64,241, ಶೇಷ 99. ಭಾಗಲಬ್ಧವನ್ನು 7ರಿಂದ ಭಾಗಿಸಿದರೆ ಶೇಷ 4, ಶುಕ್ರವಾರದಿಂದ ನಾಲ್ಕು ಮುಂದೆ ಮಂಗಳವಾರ. ಆ 99 ಅಂದರೆ ಸೂರ್ಯೋದಯದ ಮೇಲೆ ಸುಮಾರು ಹತ್ತು ಘಳಿಗೆ. ಇದು 634ರ ಮಾರ್ಚ್ 22ರ ಮಧ್ಯಮ ಮೇಷ ಸಂಕ್ರಮಣ. ಶಾಸನದಲ್ಲಿ ವಾರ ಕೊಟ್ಟಿಲ್ಲ, ಹಾಗಾಗಿ ತಾಳೆ ನೋಡೋಕೆ ಬರಲ್ಲ. (ಮಕರ ಸಂಕ್ರಮಣಕ್ಕೆ ಮಂದಫಲದ ತಿದ್ದುಪಡಿಯೂ ಸೇರಬೇಕು, ಅದನ್ನು ಇನ್ನೊಮ್ಮೆ ಬರೀತೀನಿ.)

ನೀವು ಸ್ಪ್ರೆಡ್‌ಶೀಟ್ ಬಳಸೋದಾದ್ರೆ ಮೊದಲು ಗುಣಿಸಿ, ಕೊನೆಗೆ ಭಾಗಿಸಿ. ಅದು 15 ಅಂಕೆವರೆಗೆ ನಿಖರವಾಗಿ ಹಿಡಿದಿಡುತ್ತೆ. 157 ಕೋಟಿಯನ್ನು 4200ರಿಂದ ಗುಣಿಸಿದರೂ 13 ಅಂಕೆಯೇ. ವೀರಗಲ್ಲಿನ ಲೆಕ್ಕವನ್ನು ಹೀಗೆ ಮತ್ತೆ ಮಾಡಿದಾಗ ಸೋಮವಾರವೇ ಬಂತು. ಅದೇ ಗೆಳೆಯರಿಗೆ ಅವತ್ತು ರಾತ್ರಿಯೇ ಫೋನ್ ಮಾಡಿ ಮಾತು ವಾಪಸ್ ತಗೊಂಡೆ.