ಹೊಂಚುವ ಕಣ್ಣು, ಅರಿಯುವ ಕಣ್ಣು

ಅರಸನು ಚಾರರ ಕಣ್ಣಿನಿಂದ ನೋಡುತ್ತಾನೆಂಬುದು ನಮ್ಮ ರಾಜನೀತಿಯ ಹಳೆಯ ಮಾತು. ಆದರೆ ಹಾಗೆ ನೋಡುತ್ತ ನೋಡುತ್ತ ಆ ಚಾರನ ಅಂತರಂಗದಲ್ಲಿ ಏನು ನಡೆಯುತ್ತದೆ ಎಂಬುದನ್ನು ನೀತಿಶಾಸ್ತ್ರ ವಿಚಾರಿಸುವುದಿಲ್ಲ. ಅದನ್ನು ವಿಚಾರಿಸುವುದು ಕಲೆ. ಹಾಗೆ ವಿಚಾರಿಸಿದ ಚಲನಚಿತ್ರವೊಂದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

1958ರಲ್ಲಿ ಜಪಾನಿನಲ್ಲಿ ತೆರೆಕಂಡ ಆ ಚಿತ್ರದ ಹೆಸರು ‘ಹರಿಕೊಮಿ’. ಹೊಂಚು ಕಾಯುವುದು ಎಂದು ಅದರ ಅರ್ಥ. ಸೈಚೊ ಮಾತ್ಸುಮೊಟೊ ಅವರ ಸಣ್ಣಕತೆ ಇದಕ್ಕೆ ಮೂಲ. ನಿರ್ದೇಶಕರು ಯೊಶಿತಾರೊ ನೊಮುರಾ. ‘ರಾಶೊಮೊನ್’ ಚಿತ್ರಕಥೆಯಲ್ಲಿ ಕುರೊಸಾವರ ಜತೆಗಾರರಾಗಿದ್ದ ಶಿನೊಬು ಹಶಿಮೊಟೊ ಇದರ ಚಿತ್ರಕಥೆಯನ್ನು ಬರೆದರು.

ಟೋಕಿಯೊದಲ್ಲಿ ದರೋಡೆ, ಕೊಲೆ ನಡೆದಿದೆ. ತಪ್ಪಿಸಿಕೊಂಡವನು ಇಶಿ ಎಂಬ ಯುವಕ. ದೂರದ ಕ್ಯೂಶೂ ದ್ವೀಪದ ಸಾಗಾ ಎಂಬ ಊರಿನಲ್ಲಿ ಅವನ ಹಳೆಯ ಪ್ರೇಯಸಿ ಸದಾಕೊ ಇದ್ದಾಳೆ. ಅವನು ಅಲ್ಲಿಗೆ ಬಂದಾನೆಂಬ ಊಹೆಯ ಮೇಲೆ ಇಬ್ಬರು ಪತ್ತೇದಾರರು ಕಿಕ್ಕಿರಿದ ರೈಲಿನಲ್ಲಿ, ಸುಡುಬೇಸಗೆಯಲ್ಲಿ ಹೊರಡುತ್ತಾರೆ. ಈ ಪ್ರಯಾಣದ ಬಳಲಿಕೆಯನ್ನೆಲ್ಲ ತೋರಿಸಿದ ಮೇಲೆಯೇ ಚಿತ್ರದ ಹೆಸರು ತೆರೆಯ ಮೇಲೆ ಬರುತ್ತದೆ. ಕಾಯುವುದೇ ಈ ಕೆಲಸದ ಬಹುಭಾಗವೆಂದು ನಿರ್ದೇಶಕರು ಮೊದಲೇ ಸೂಚಿಸಿದಂತಿದೆ.

ಸದಾಕೊಳ ಮನೆಯ ಎದುರಿನ ವಸತಿಗೃಹದ ಮಹಡಿಯಲ್ಲಿ ಅವರ ಠಾಣ್ಯ. ಕೆಳಗೆ ಕಾಣುವುದೇನು? ತನಗಿಂತ ಬಹಳ ಹಿರಿಯನಾದ, ದಿನದ ಖರ್ಚನ್ನು ಎಣಿಸಿ ಕೊಡುವ ಜಿಪುಣ ಗಂಡ. ಅವನ ಮೊದಲ ಹೆಂಡತಿಯ ಮೂವರು ಮಕ್ಕಳು. ಗುಡಿಸುವುದು, ಒಗೆಯುವುದು, ಪೇಟೆಗೆ ಹೋಗಿಬರುವುದು. ಕಿರಿಯ ಪತ್ತೇದಾರ ಯೂಕಿಗೆ ಅವಳು ಜೀವಕಳೆಯಿಲ್ಲದ ಹೆಂಗಸಾಗಿ ತೋರುತ್ತಾಳೆ.

ನಮ್ಮ ಅಲಂಕಾರಶಾಸ್ತ್ರದಲ್ಲಿ ಅನುಭಾವವೆಂಬ ಮಾತಿದೆ. ಒಳಗಿನ ಭಾವವನ್ನು ಹೊರಗೆ ಸೂಚಿಸುವ ಕಣ್ಣೀರು, ನಡುಕ, ನೋಟ ಮೊದಲಾದವು ಅನುಭಾವಗಳು. ತರಗತಿಯಲ್ಲಿ ಇದನ್ನು ಪಾಠ ಹೇಳುವಾಗ, ಅನುಭಾವ ಕಾಣದಿದ್ದರೆ ಭಾವವೇ ಇಲ್ಲವೆನ್ನಬಹುದೆ ಎಂಬ ಪ್ರಶ್ನೆಯನ್ನು ನಾನು ವಿದ್ಯಾರ್ಥಿಗಳ ಮುಂದೆ ಇಡುತ್ತಿದ್ದೆ. ಈ ಚಿತ್ರ ಕೊಡುವ ಉತ್ತರ, ಇಲ್ಲ ಎಂದು. ಒಂದು ದಿನ ಸದಾಕೊ ಮನೆಬಿಟ್ಟು ಹೊರಡುತ್ತಾಳೆ, ಯೂಕಿ ಬೆನ್ನುಹತ್ತುತ್ತಾನೆ. ಬಿಸಿನೀರಿನ ಬುಗ್ಗೆಗಳ ಕಡೆಯ ಬೆಟ್ಟದ ಸೀಮೆಯಲ್ಲಿ ಇಶಿಯೊಡನೆ ಅವಳು ನಗುತ್ತಾಳೆ, ಅಳುತ್ತಾಳೆ, ತನ್ನನ್ನು ಕರೆದೊಯ್ಯೆಂದು ಬೇಡುತ್ತಾಳೆ. ಅಷ್ಟು ದಿನ ಎವೆಯಿಕ್ಕದೆ ನೋಡಿದರೂ ಯೂಕಿ ಕಂಡದ್ದು ಅವಳ ದಿನಚರಿಯನ್ನು ಮಾತ್ರ. ಹಿಡೆಕೊ ತಾಕಮಿನೆ ಅವರ ಅಭಿನಯದಲ್ಲಿ ಈ ಎರಡು ಮುಖಗಳೂ ಒಬ್ಬಳವೇ ಎಂದು ನಂಬುವಂತಾಗುತ್ತದೆ.

ಇಲ್ಲಿಯೇ ಕಠಿಣವಾದ ಪ್ರಶ್ನೆ ಏಳುತ್ತದೆ. ಅಪರಾಧಿಯನ್ನು ಹಿಡಿಯುವುದು ಪೊಲೀಸರ ಧರ್ಮ. ಆದರೆ ಸದಾಕೊ ಅಪರಾಧಿಯಲ್ಲ. ಅವಳ ಗುಟ್ಟು ಸರ್ಕಾರದ ಕಣ್ಣಿಗೆ ಬಿದ್ದಿದೆ. ಅದು ಹೊರಬಿದ್ದರೆ ಅವಳ ಸಂಸಾರ ಉಳಿಯುವಂತಿಲ್ಲ. ಯೂಕಿ ಇಶಿಯನ್ನು ಬಂಧಿಸುತ್ತಾನೆ. ಸದಾಕೊಗೆ ಮಾತ್ರ, ಗಂಡ ಮನೆಗೆ ಬರುವಷ್ಟರಲ್ಲಿ ಹಿಂದಿರುಗುವಂತೆ ಬಸ್ಸು ಹಿಡಿಯಲು ಹೇಳುತ್ತಾನೆ. ಈ ಕರುಣೆಯೂ ಅವಳಿಗೆ ಬಿಡುಗಡೆಯಲ್ಲ. ಅವಳು ಮರಳಬೇಕಾದದ್ದು ಅದೇ ಎಣಿಕೆಯ ಬಾಳಿಗೆ. ಚಿತ್ರ ಆ ಕಹಿಯನ್ನು ಮರೆಮಾಚುವುದಿಲ್ಲ. ತನ್ನ ಮದುವೆಯ ವಿಷಯದಲ್ಲಿ ಹಿಂದೆಮುಂದೆ ನೋಡುತ್ತಿದ್ದ ಯೂಕಿಯಾದರೋ, ಅವಳ ಬಾಳನ್ನು ಕಂಡು ಪ್ರೀತಿಸಿದವಳನ್ನೇ ವರಿಸುವ ನಿಶ್ಚಯಕ್ಕೆ ಬರುತ್ತಾನೆ.

ಇಂದು ಬೀದಿಯ ಕಂಬಗಳ ಮೇಲೆ ಕ್ಯಾಮೆರಾಗಳಿವೆ. ಯೂಕಿ ಬೆವರು ಸುರಿಸಿ ಮಾಡಿದ ಕಾವಲನ್ನು ಅವು ದಣಿವಿಲ್ಲದೆ ಮಾಡುತ್ತವೆ. ಕಳ್ಳನನ್ನು ಹಿಡಿಯಲು ಅವು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಂಡದ್ದರಲ್ಲಿ ಯಾವುದನ್ನು ಬಳಸಬೇಕು, ಯಾವುದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು ಎಂಬ ವಿವೇಕವನ್ನು ಯಂತ್ರದಿಂದ ನಿರೀಕ್ಷಿಸಲಾಗದು. ಅದು ನೋಡುವ ಮನುಷ್ಯನ ಹೊಣೆ.