ಬಲೆ ಬೀಸುವ ಮುನ್ನ ನೀರು ಯಾರದೆಂದು ತಿಳಿಯಿರಿ

ಹೊನ್ನಾಳಿಯ ಸೇತುವೆಯ ಮೇಲೆ ನಿಂತು ನೋಡುವವನಿಗೆ ತುಂಗಭದ್ರೆ ಒಂದೇ ಹೊಳೆ. ಮೀನು ಹಿಡಿದು ಬದುಕುವವನಿಗೆ ಹಾಗಲ್ಲ. ನ್ಯಾಮತಿ, ಹೊನ್ನಾಳಿ ಸೀಮೆಯನ್ನು ದಾಟಿ, ಹರಿಹರದ ಬದಿಯಲ್ಲಿ ಹರಿದು, ಹೊಸಪೇಟೆಯ ಬಳಿ ಅಣೆಕಟ್ಟಿನ ಹಿಂದೆ ನಿಲ್ಲುವಷ್ಟರಲ್ಲಿ ಅದೇ ನೀರಿನ ಯಜಮಾನಿಕೆ ಬದಲಾಗಿರುತ್ತದೆ. ಇಲ್ಲಿ ಪಡೆದ ಪರವಾನಗಿ ಅಲ್ಲಿ ನಡೆಯದು. ಇದನ್ನು ಅರಿಯದೆ ಸಾಲ ಮಾಡಿ ಬಲೆ, ಹರಿಗೋಲು ಕೊಂಡವರಿಗೆ ಕೊನೆಗೆ ಉಳಿಯುವುದು ಸಾಲವೊಂದೇ.

ಪಾಲುದಾರರ ಜಲಾಶಯ

ತುಂಗಭದ್ರಾ ಜಲಾಶಯ ಇರುವುದು ಕರ್ನಾಟಕದ ನೆಲದಲ್ಲಿ. ಆದರೆ ಅದರ ನೀರಿನಲ್ಲಿ ನೆರೆಯ ಆಂಧ್ರಕ್ಕೂ ಪಾಲಿದೆ. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿ, ಬಳ್ಳಾರಿ ಸೀಮೆ ಮೈಸೂರಿಗೆ ಸೇರಿದಾಗ ಕೇಂದ್ರ ಸರ್ಕಾರ ತುಂಗಭದ್ರಾ ಮಂಡಳಿಯನ್ನು ರಚಿಸಿತು. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ಪಾಲುದಾರರು ಮೂವರಾದರು. ಕಾಲುವೆಗೆ ನೀರು ಬಿಡುವುದು, ವಿದ್ಯುತ್ ತಯಾರಿಸುವುದು ಇವುಗಳ ಜೊತೆಗೆ ಜಲಾಶಯದ ಮೀನುಗಾರಿಕೆಯೂ ಮಂಡಳಿಗೆ ಸೇರಿದೆ. ಸುಮಾರು 378 ಚದರ ಕಿಲೋಮೀಟರ್ ಹರವಿನ ಆ ನೀರಿನಲ್ಲಿ ಬಲೆ ಹಾಕುವವರು ಮಂಡಳಿಯ ಷರತ್ತಿಗೆ ಒಳಪಡಬೇಕು. "ಈ ನೀರು ನಮ್ಮೂರ ಮುಂದೆಯೇ ಹರಿದು ಬಂದದ್ದು" ಎಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ.

ಕೆರೆಗೇಕೆ ಬೇರೆ ನಿಯಮ?

ಮೇಲಿನ ಹೊಳೆಯೂ ದೊಡ್ಡ ಕೆರೆಗಳೂ ರಾಜ್ಯದ ಮೀನುಗಾರಿಕೆ ಇಲಾಖೆಗೆ ಸೇರಿದವು. ಊರ ಸಣ್ಣ ಕೆರೆಗಳ ಮೀನಿನ ಹಕ್ಕನ್ನು ಗ್ರಾಮ ಪಂಚಾಯಿತಿ ಕೊಡುತ್ತದೆ. ಇದಕ್ಕೆಲ್ಲ ಆಧಾರ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ.

ಹೊಳೆಯಲ್ಲಿ ಮೀನು ತಾನಾಗಿ ಹುಟ್ಟುತ್ತದೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮಳೆಗಾಲದ ಹರಿಯುವ ನೀರಿನಲ್ಲಿ ಮೊಟ್ಟೆಯಿಡುತ್ತವೆಯೇ ಹೊರತು ನಿಂತ ಕೆರೆಯಲ್ಲಿ ಅಲ್ಲ. ಆದ್ದರಿಂದ ಕೆರೆಗೆ ಪ್ರತಿ ವರ್ಷ ಮರಿ ತಂದು ಬಿಡಬೇಕು. ಬಿತ್ತಿದವನಿಗೆ ಬೆಳೆ ಸಿಗಲೆಂದೇ ಕೆರೆಯನ್ನು ಗುತ್ತಿಗೆಗೆ ಕೊಡುವುದು. ಇದರಲ್ಲಿ ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ ಉಂಟು. ಒಬ್ಬೊಬ್ಬರೇ ಕಚೇರಿಗೆ ಅಲೆಯುವ ಬದಲು ಸಂಘದ ಸದಸ್ಯರಾಗುವುದು ಜಾಣತನ.

ಸೂಳೆಕೆರೆಯಿಂದ ಜಗಳೂರಿಗೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಅಥವಾ ಶಾಂತಿಸಾಗರ, ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಏರಿ ಕಟ್ಟಿ ಮಾಡಿದ್ದು. ತುಂಬಿದಾಗ ಸುಮಾರು 6,500 ಎಕರೆ ನೀರು. ಸಿದ್ಧನಾಲೆ, ಬಸವನಾಲೆಗಳ ಅಚ್ಚುಕಟ್ಟಿನ ರೈತರಿಗೂ, ಚಿತ್ರದುರ್ಗದವರ ಕುಡಿಯುವ ನೀರಿಗೂ ಈ ಕೆರೆಯೇ ಆಸರೆ. ಆದ್ದರಿಂದ ಗುತ್ತಿಗೆದಾರರು ಒಂದು ಮಾತು ನೆನಪಿಡಬೇಕು: ಮೀನಿನ ಗುತ್ತಿಗೆ ಎಂದರೆ ನೀರಿನ ಗುತ್ತಿಗೆಯಲ್ಲ. ಮೀನು ಬೆಳೆಯಲಿ ಎಂದು ತೂಬು ಮುಚ್ಚಿಸುವ ಅಧಿಕಾರ ಅದರಿಂದ ಬರುವುದಿಲ್ಲ.

ಜಗಳೂರಿನ ಪಾಡು ಬೇರೆ. ಮಳೆ ಕಡಿಮೆಯಾದ ಆ ತಾಲ್ಲೂಕಿನಲ್ಲಿ ಕೆರೆ ತುಂಬುವುದೇ ಹಬ್ಬ. ತುಂಗಭದ್ರೆಯ ನೀರನ್ನು ಏರಿಸಿ 57 ಕೆರೆ ತುಂಬಿಸುವ ಯೋಜನೆಯಿಂದ ಅಲ್ಲಿ ಮೀನು ಸಾಕುವ ಆಸೆಯೂ ಚಿಗುರಿದೆ. ಆದರೆ ಹರಾಜು ಕೂಗುವ ಮುನ್ನ, ಕೆರೆಯಲ್ಲಿ ಎಷ್ಟು ತಿಂಗಳು ನೀರು ನಿಲ್ಲುವುದೆಂದು ಊರ ಹಿರಿಯರನ್ನು ಕೇಳಿರಿ. ಬೇಗ ಬತ್ತುವ ಕೆರೆಗೆ ತೀರ ಸಣ್ಣ ಮರಿ ಬಿಡದೆ, ಬೆರಳುದ್ದ ಬೆಳೆದ ಮರಿ ಬಿಡಿರಿ. ನೀರು ಇಳಿಯುವ ಮುನ್ನವೇ ಮೀನು ಹಿಡಿದು ಮುಗಿಸಿರಿ.

ಇವನ್ನು ಮರೆಯದಿರಿ

ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದು 1897ರ ಕಾಯ್ದೆಯ ಕಾಲದಿಂದಲೂ ಅಪರಾಧ. ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಬಾಚಿದರೆ ಮುಂದಿನ ವರ್ಷ ಬಲೆಗೆ ಬೀಳುವುದು ಪಾಚಿ ಮಾತ್ರ. ಮೀನು ಮೊಟ್ಟೆಯಿಡುವ ಮಳೆಗಾಲದಲ್ಲಿ ಹೊಳೆಗೆ ಬಿಡುವು ಕೊಡಿರಿ.

ಹಣ ಕಟ್ಟಿದ ದಿನವೇ ರಸೀದಿ ಪಡೆಯಿರಿ. ಕಾಗದದಲ್ಲಿ ಯಾರ ಹೆಸರಿದೆ, ಯಾವ ಕೆರೆ ಅಥವಾ ಹೊಳೆಯ ಎಲ್ಲಿಂದ ಎಲ್ಲಿಯವರೆಗೆ, ಯಾವ ದಿನದವರೆಗೆ, ಎಂಥ ಬಲೆ ಎಂಬುದನ್ನು ಓದಿಸಿ ಕೇಳಿರಿ. ಓದು ಬಾರದವರು ಮಕ್ಕಳಿಂದ ಓದಿಸಲು ನಾಚಬೇಕಿಲ್ಲ. ಗಡಿ ಯಾವುದೆಂದು ಮೀನಿಗೆ ಗೊತ್ತಿಲ್ಲ; ಬಲೆ ಹಿಡಿದವನಿಗೆ ಗೊತ್ತಿರಲೇಬೇಕು.