ನೋವಿಗೆ ದಿನಕ್ಕೆಷ್ಟು ಮಿಲಿಗ್ರಾಂ?

ಜ್ವರವನ್ನಳೆಯಲು ಉಷ್ಣಮಾಪಕವುಂಟು, ರಕ್ತದ ಒತ್ತಡವನ್ನಳೆಯಲು ತೋಳಿಗೆ ಸುತ್ತುವ ಪಟ್ಟಿಯುಂಟು. ನೋವನ್ನಳೆಯುವ ಉಪಕರಣ ಮಾತ್ರ ಇಂದಿಗೂ ಇಲ್ಲ. ರೋಗಿ ನೋಯುತ್ತಿದೆಯೆನ್ನುತ್ತಾನೆ, ವೈದ್ಯರು ನಂಬಬೇಕು, ಇಲ್ಲವೇ ನಂಬದೆ ಕಳುಹಿಸಬೇಕು. ಹೀಗೆ ಅಳತೆಗೆ ಸಿಕ್ಕದ ಸಂಗತಿಯೊಂದಕ್ಕೆ ಕೊಡುವ ಔಷಧಿಯನ್ನು ಅಮೆರಿಕದ ಸಾರ್ವಜನಿಕ ಆರೋಗ್ಯ ವಿಮೆಯವರು ದಿನಕ್ಕೆ ಇಷ್ಟೆಂದು ಅಳೆಯಹೊರಟ ಪ್ರಸಂಗವನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಔಷಧಿಯ ಮೂಲ ಅಫೀಮು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸರ್ಟರ್ನರ್ ಎಂಬ ಜರ್ಮನ್ ಔಷಧಿಕಾರ ಅದರ ಸಾರವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆಯ ನೆನಪಿನಲ್ಲಿ ಹೆಸರಿಟ್ಟ. ಅದೇ ಮಾರ್ಫಿನ್. ಅದೇ ಬಳಗಕ್ಕೆ ಸೇರಿದ ಆಕ್ಸಿಕೊಡೋನ್, ಹೈಡ್ರೊಕೊಡೋನ್, ಫೆಂಟನಿಲ್ ಮುಂತಾದವನ್ನೆಲ್ಲ ಒಟ್ಟಾಗಿ ಓಪಿಯಾಯ್ಡ್ ಎನ್ನುತ್ತಾರೆ. ಇವು ನೋವನ್ನು ಮಣಿಸುವಂತೆಯೇ ಮಿದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರವನ್ನೂ ಮಂಕಾಗಿಸುತ್ತವೆ. ಪ್ರಮಾಣ ಮೀರಿದವನು ನಿದ್ದೆಯಲ್ಲೇ ಉಸಿರು ನಿಂತು ಸಾಯುವುದು ಹೀಗೆ. ಇನ್ನೊಂದು ತೊಡಕೆಂದರೆ, ದೇಹ ಇವುಗಳಿಗೆ ಒಗ್ಗಿಕೊಳ್ಳುತ್ತದೆ. ಹೊಸಬನನ್ನು ಕೊಲ್ಲಬಲ್ಲ ಪ್ರಮಾಣವನ್ನು ವರ್ಷಗಳಿಂದ ಸೇವಿಸುತ್ತಿರುವವನು ನುಂಗಿ ಕಚೇರಿಗೆ ಹೋಗಿ ಬರಬಲ್ಲ. ಮುಂದಿನ ವಾದವಿವಾದಗಳೆಲ್ಲ ಹುಟ್ಟುವುದು ಈ ಒಂದು ಅಂಶದಿಂದ.

1980ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಐದು ವಾಕ್ಯಗಳ ಕಾಗದವೊಂದು ಅಚ್ಚಾಯಿತು. ಆಸ್ಪತ್ರೆಯಲ್ಲಿದ್ದು ಇಂಥ ಔಷಧಿ ಪಡೆದ 11,882 ರೋಗಿಗಳಲ್ಲಿ ಹೊಸದಾಗಿ ವ್ಯಸನಕ್ಕೆ ಬಿದ್ದವರು ಕೇವಲ ನಾಲ್ವರೆಂಬುದು ಅದರ ಸಾರಾಂಶ. ಆಸ್ಪತ್ರೆಯ ಹಾಸಿಗೆಯ ಮಾತನ್ನು ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರಿಗೆ ಅನ್ವಯಿಸಬಾರದಷ್ಟೆ? ಅನ್ವಯಿಸಿದರು. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಎಂಬ ಮಾತ್ರೆಯನ್ನು ಮಾರುಕಟ್ಟೆಗೆ ತಂದು, ವ್ಯಸನದ ಭಯ ಕಡಿಮೆಯೆಂದು ಪ್ರಚಾರ ಮಾಡಿತು. 2007ರಲ್ಲಿ ಅದರ ಸೋದರ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಊರೂರುಗಳಲ್ಲಿ ಸಾವು ಸಂಭವಿಸಿತ್ತು.

ಆಗ ಅಲ್ಲಿನ ರೋಗನಿಯಂತ್ರಣ ಕೇಂದ್ರವು 2016ರ ಮಾರ್ಚಿಯಲ್ಲಿ ವೈದ್ಯರಿಗೊಂದು ಮಾರ್ಗದರ್ಶಿಯನ್ನು ಹೊರಡಿಸಿತು. ದೀರ್ಘಕಾಲದ ನೋವಿಗೆ ದಿನಕ್ಕೆ 50 ಮಿಲಿಗ್ರಾಂ ಮಾರ್ಫಿನ್‌ಗೆ ಸಮನಾದ ಪ್ರಮಾಣ ತಲುಪಿದರೆ ಎಚ್ಚರಿಕೆ ವಹಿಸಿರಿ. 90ಕ್ಕೆ ಏರಿಸುವುದನ್ನು ತಪ್ಪಿಸಿರಿ, ಇಲ್ಲವೇ ಕಾರಣವನ್ನು ಚೆನ್ನಾಗಿ ಯೋಚಿಸಿರಿ ಎಂದು ಅದು ಹೇಳಿತು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ಮರಣಶಯ್ಯೆಯಲ್ಲಿರುವವರಿಗೆ ಇದು ಅನ್ವಯಿಸದು. ಅದು ಸಲಹೆ, ಕಾನೂನಲ್ಲ.

‘ಮಾರ್ಫಿನ್‌ಗೆ ಸಮನಾದ’ ಎಂಬ ಮಾತನ್ನು ತುಸು ಬಿಡಿಸಿ ನೋಡಬೇಕು. ಹಿಂದೆ ನಮ್ಮ ಸಂತೆಗಳಲ್ಲಿ ಒಂದು ಸೀಮೆಯ ಸೇರಿಗೂ ಇನ್ನೊಂದು ಸೀಮೆಯ ಸೇರಿಗೂ ತಾಳೆ ಹಾಕಿಕೊಳ್ಳಬೇಕಾಗಿದ್ದಂತೆ, ಇಲ್ಲಿಯೂ ಒಂದೊಂದು ಔಷಧಿಗೆ ಒಂದೊಂದು ಗುಣಕವಿದೆ. ಆಕ್ಸಿಕೊಡೋನಿನದು ಒಂದೂವರೆ, ಆದ್ದರಿಂದ 60 ಮಿಲಿಗ್ರಾಂ ಆಕ್ಸಿಕೊಡೋನ್ 90 ಮಿಲಿಗ್ರಾಂ ಮಾರ್ಫಿನ್‌ಗೆ ಸಮ. ಕೊಡೀನಿನದು 0.15. ಲೆಕ್ಕವೇನೋ ಅಚ್ಚುಕಟ್ಟು. ಆದರೆ ಕೊಡೀನು ದೇಹದೊಳಗೆ ಮಾರ್ಫಿನ್ ಆಗಿ ಮಾರ್ಪಡುವ ವೇಗ ಹುಟ್ಟುಗುಣವನ್ನವಲಂಬಿಸಿದೆ. ಕೆಲವರಲ್ಲಿ ಅದು ಬಹುಬೇಗ, ಕೆಲವರಲ್ಲಿ ಆಗುವುದೇ ಇಲ್ಲವೆನ್ನುವಷ್ಟು ಅಲ್ಪ. ಪಟ್ಟಿಗೆ ಇದೊಂದೂ ತಿಳಿಯದು. ಸೋಜಿಗವೆಂದರೆ ಪಟ್ಟಿಯೂ ಸ್ಥಿರವಲ್ಲ. ಹೈಡ್ರೊಮಾರ್ಫೋನ್ ಎಂಬ ಔಷಧಿಯ ಗುಣಕವನ್ನು 2016ರಲ್ಲಿ 4 ಎಂದಿದ್ದವರು 2022ರಲ್ಲಿ 5 ಎಂದರು. ದಿನಕ್ಕೆ 20 ಮಿಲಿಗ್ರಾಂ ಸೇವಿಸುವವನೊಬ್ಬ ಹಳೆಯ ಲೆಕ್ಕದಲ್ಲಿ 80ರಲ್ಲಿದ್ದ, ಹೊಸ ಲೆಕ್ಕದಲ್ಲಿ 100ಕ್ಕೇರಿದ. ಅವನ ಮಾತ್ರೆ ಅದೇ, ನೋವೂ ಅದೇ.

ಇಂಥ ಸಂಖ್ಯೆ ವಿಮೆಯವರ ಕೈಗೆ ಸಿಕ್ಕಿತು. ಅಮೆರಿಕದಲ್ಲಿ ಸರ್ಕಾರದ ವಿಮೆ ಮುಖ್ಯವಾಗಿ ಎರಡು: ಅರವತ್ತೈದು ದಾಟಿದವರಿಗೂ ಅಂಗವಿಕಲರಿಗೂ ಮೆಡಿಕೇರ್, ಬಡವರಿಗೆ, ರಾಜ್ಯಗಳ ಮೂಲಕ, ಮೆಡಿಕೇಯ್ಡ್. 2018ರ ಫೆಬ್ರವರಿಯಲ್ಲಿ ಮೆಡಿಕೇರ್ ಆಡಳಿತವು 90 ಮುಟ್ಟಿದ ಔಷಧಿಚೀಟಿಯನ್ನು ಅಂಗಡಿಯಲ್ಲೇ ತಡೆಹಿಡಿಯುವ ಪ್ರಸ್ತಾಪವನ್ನು ಮುಂದಿಟ್ಟಿತು. ವೈದ್ಯರೂ ರೋಗಿಗಳೂ ಪ್ರತಿಭಟಿಸಿದರು. ಏಪ್ರಿಲ್‌ನಲ್ಲಿ ನಿಯಮ ಮೆತ್ತಗಾಯಿತು: 90 ಮುಟ್ಟಿದರೆ ಔಷಧಿಕಾರನು ವೈದ್ಯರೊಡನೆ ವಿಚಾರಿಸಿ ಕೊಡಬೇಕು, 200 ಮುಟ್ಟಿದರೆ ವಿಮಾ ಯೋಜನೆಯವರು ಬೇಕಾದರೆ ಪೂರ್ತಿ ತಡೆಯಬಹುದು, ಹೊಸದಾಗಿ ಆರಂಭಿಸುವವರಿಗೆ ಮೊದಲ ಸಲ ಏಳು ದಿನಗಳಷ್ಟೇ. 2019ರ ಜನವರಿಯಿಂದ ಇದು ಜಾರಿಯಾಯಿತು. 2018ರ ಅಕ್ಟೋಬರಿನ ಕಾನೂನೊಂದು ಮೆಡಿಕೇಯ್ಡಿನಲ್ಲಿಯೂ ದಿನದ ಗರಿಷ್ಠ ಪ್ರಮಾಣಕ್ಕೆ ತಡೆ ಇರಬೇಕೆಂದು ವಿಧಿಸಿ, ಅಂಕಿಯನ್ನು ರಾಜ್ಯಗಳಿಗೆ ಬಿಟ್ಟಿತು.

ವಿಮೆಯ ಮಿತಿ ನಿಷೇಧವಲ್ಲವೆಂದು ಕೆಲವರು ವಾದಿಸುತ್ತಾರೆ. ಹಣ ಕೊಟ್ಟು ಕೊಳ್ಳಬಹುದಲ್ಲ! ಉಳ್ಳವನಿಗೆ ಈ ಮಾತು ಸರಿ. ವಿಮೆಯನ್ನೇ ನೆಚ್ಚಿದ ಮುದುಕನಿಗೆ, ಬೆನ್ನುಮೂಳೆ ಮುರಿದ ಕೂಲಿಯವನಿಗೆ ಇದು ನಿಷೇಧವೇ. ಇದರ ಬಿಸಿ ವೈದ್ಯರಿಗೂ ತಟ್ಟಿತು. ತಪಾಸಣೆಗೆ ಅಂಜಿ ಕೆಲವರು ಹಳೆಯ ರೋಗಿಗಳ ಪ್ರಮಾಣವನ್ನು ಸರ್ರನೆ ಇಳಿಸಿದರು. ಕೆಲವರು ಅಂಥವರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಒಗ್ಗಿದ ದೇಹದಿಂದ ಔಷಧಿಯನ್ನು ಥಟ್ಟನೆ ಕಿತ್ತುಕೊಂಡರೆ ನಡುಕ, ಬೆವರು, ಭೇದಿ, ನಿದ್ದೆಗೇಡು, ಜೊತೆಗೆ ಇಮ್ಮಡಿಸಿದ ನೋವು. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತವು, ಹೀಗೆ ಹಠಾತ್ತನೆ ನಿಲ್ಲಿಸಿದವರಲ್ಲಿ ಆತ್ಮಹತ್ಯೆಗಳು ಸಹ ವರದಿಯಾಗಿವೆಯೆಂದು ಎಚ್ಚರಿಸಿತು. ಅದೇ ತಿಂಗಳು ಮಾರ್ಗದರ್ಶಿಯನ್ನು ಬರೆದವರೇ, ತಮ್ಮ ಸಲಹೆಯನ್ನು ಕಠಿಣ ಮಿತಿಯಾಗಿ ಬಳಸಿರುವುದು ಸಲ್ಲದೆಂದು ಬರೆದರು.

ಮಿತಿಯಿಂದ ಸಾವು ತಗ್ಗಿತೇ? ವೈದ್ಯರ ಚೀಟಿಗಳು 2012ರ ನಂತರವೇ ಇಳಿಮುಖವಾಗಿದ್ದವು. ಆದರೆ ಬೀದಿಯಲ್ಲಿ ಮೊದಲು ಹೆರಾಯಿನ್, 2013ರಿಂದೀಚೆಗೆ ಕಳ್ಳತನದಲ್ಲಿ ತಯಾರಾದ ಫೆಂಟನಿಲ್ ಹರಿದುಬಂದು, 2021ರಲ್ಲಿ ಎಲ್ಲ ಬಗೆಯ ಮಾದಕ ಪದಾರ್ಥಗಳ ಅತಿಸೇವನೆಯಿಂದ ಸತ್ತವರ ಸಂಖ್ಯೆ ಒಂದು ಲಕ್ಷವನ್ನು ದಾಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನೆನಪಾಗದಿರದು. ಆದರೂ ಗಾದೆಯನ್ನು ಪೂರ್ತಿ ನೆಚ್ಚಬಾರದು: ಪ್ರಮಾಣ ಏರಿದಂತೆ ಅಪಾಯ ಏರುವುದು ನಿಜ, ಹೊಸ ರೋಗಿಗೆ ಏಳೇ ದಿನ ಕೊಡುವುದರಲ್ಲಿ ವಿವೇಕವಿದೆ. ಹೊಸಬನನ್ನು ತಡೆಯುವ ಬಾಗಿಲನ್ನು ಹಳಬನ ಮೇಲೂ ಮುಚ್ಚಿದ್ದು ನನಗೆ ಒಪ್ಪಿಗೆಯಾಗದ ಭಾಗ.

ನಮ್ಮಲ್ಲಿ ಕಥೆ ತಿರುಗುಮುರುಗು. 1985ರ ಮಾದಕ ವಸ್ತು ಕಾಯಿದೆಯ ಬಿಗಿಯಲ್ಲಿ ಕ್ಯಾನ್ಸರ್ ರೋಗಿಗೂ ಮಾರ್ಫಿನ್ ದುರ್ಲಭವಾಯಿತು. ಅಫೀಮು ಬೆಳೆಯುವ ದೇಶದಲ್ಲಿ! 2014ರ ತಿದ್ದುಪಡಿಯಿಂದ ಪರವಾನಗಿಯ ಗೋಜಲು ಸಡಿಲಗೊಂಡಿತು.

2022ರ ನವೆಂಬರಿನಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿ ತನ್ನ ಮುಖ್ಯ ಶಿಫಾರಸುಗಳಿಂದ ಆ ಅಂಕಿಗಳನ್ನು ತೆಗೆದುಹಾಕಿತು. ಆ ಬಳಿಕವೂ ಮೆಡಿಕೇರಿನ ಪುಸ್ತಕದಲ್ಲಿ 90 ಮತ್ತು 200 ಮುಂದುವರಿದವು. ತಡೆಯಲ್ಪಟ್ಟ ರೋಗಿ ವಿನಾಯಿತಿ ಕೇಳಬಹುದು. ತುರ್ತೆಂದು ವೈದ್ಯರು ಬರೆದರೆ ವಿಮೆಯವರು 24 ಗಂಟೆಯೊಳಗೆ ಉತ್ತರಿಸಬೇಕು. ಸಾಧಾರಣ ಮಾರ್ಫಿನ್ ಮಾತ್ರೆಯ ಪ್ರಭಾವ ಉಳಿಯುವುದು ಸುಮಾರು ನಾಲ್ಕು ಗಂಟೆ.